ತುಂಬಿದ ಮೇಲೆ ಹೊರಡುವ ಗಾಡಿ

ಕಾರ್ ಪೂಲಿಂಗ್ ಎಂಬ ಮಾತು ಕನ್ನಡ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳತೊಡಗಿ ಬಹಳ ವರ್ಷಗಳೇನೂ ಆಗಿಲ್ಲ. ಬೆಂಗಳೂರಿನ ರಸ್ತೆಗಳಲ್ಲಿ ಒಬ್ಬೊಬ್ಬರೇ ಕುಳಿತ ಕಾರುಗಳು ತಾಸುಗಟ್ಟಲೆ ನಿಲ್ಲತೊಡಗಿದ ಮೇಲೆ, ಒಂದೇ ದಾರಿಯಲ್ಲಿ ಹೋಗುವ ನಾಲ್ವರು ಒಂದೇ ಕಾರಿನಲ್ಲಿ ಏಕೆ ಹೋಗಬಾರದು ಎಂಬ ಪ್ರಶ್ನೆ ಹುಟ್ಟಿತು. ಇಂಧನದ ಉಳಿತಾಯ, ಹೊಗೆಯ ನಿಯಂತ್ರಣ, ಸಂಚಾರ ದಟ್ಟಣೆಗೆ ಪರಿಹಾರ ಎಂದು ಅದಕ್ಕೆ ಸಮರ್ಥನೆಗಳೂ ದೊರೆತವು. ಜನರಿಗೆ ಹೊಸದೊಂದು ನಾಗರಿಕ ಗುಣವನ್ನು ಕಲಿಸುವ ಧಾಟಿಯಲ್ಲಿ ಅದರ ಪ್ರಚಾರ ನಡೆಯುತ್ತಿದೆ.

ಆದರೆ ಕವಿತಾಳದವರಿಗೆ ಇದು ಹೊಸ ಪಾಠವಲ್ಲ. ರಾಯಚೂರಿನಿಂದ ಕಲ್ಲೂರು, ಸಿರವಾರ ದಾಟಿ ಲಿಂಗಸುಗೂರಿನತ್ತ ಹೋಗುವ ರಸ್ತೆಯ ಮೇಲಿರುವ ಈ ಊರು ಮೊದಲು ಮಾನ್ವಿ ತಾಲೂಕಿನಲ್ಲಿತ್ತು; ಸಿರವಾರ ಪ್ರತ್ಯೇಕ ತಾಲೂಕಾದ ಮೇಲೆ ಅದಕ್ಕೆ ಸೇರಿತು. ಇಲ್ಲಿಗೆ ರೈಲಿಲ್ಲ. ಬೆಳಗಾದರೆ ಎರಡೂ ದಿಕ್ಕಿನಿಂದ ಓಡಾಟ ಶುರುವಾಗುತ್ತದೆ. ರಾಯಚೂರು, ಲಿಂಗಸುಗೂರಿನ ಕಡೆಯಿಂದ ಶಿಕ್ಷಕರು, ದಾದಿಯರು, ಬ್ಯಾಂಕು ಮತ್ತು ಕಚೇರಿ ನೌಕರರು ಊರಿಗೆ ಬರುತ್ತಾರೆ. ಊರಿನಿಂದ ಕಾಲೇಜು ವಿದ್ಯಾರ್ಥಿಗಳು, ಆಸ್ಪತ್ರೆಗೆ ಹೋಗುವ ರೋಗಿಗಳು, ಗಾರೆ ಕೆಲಸದವರು ಹೊರಡುತ್ತಾರೆ. ಹತ್ತಿ ಬಿಡಿಸುವ ಕಾಲದಲ್ಲಂತೂ ಸುತ್ತಲ ಹಳ್ಳಿಗಳಿಂದ ಹೆಣ್ಣುಮಕ್ಕಳನ್ನು ತುಂಬಿಕೊಂಡ ಟಂಟಂಗಳು ಹೊಲಗಳ ಕಡೆಗೆ ಸಾಲುಗಟ್ಟುತ್ತವೆ. ಬಸ್ಸಿನ ಸಮಯ ಕೂಡಿಬಂದರೆ ಬಸ್ಸು, ಇಲ್ಲವಾದರೆ ಟಂಟಂ, ಕ್ರೂಸರ್ ಅಥವಾ ಆ ಕಡೆಗೆ ಹೊರಟ ಯಾರದಾದರೂ ಕಾರು. ಈ ಗಾಡಿಗಳಿಗೆ ವೇಳಾಪಟ್ಟಿಯಿಲ್ಲ. ಜನ ತುಂಬಿದಾಗ ಹೊರಡುತ್ತವೆ.

ನಗರದ ಕಾರುಳ್ಳವನು ತನ್ನ ಖಾಲಿ ಸೀಟನ್ನು ಹಂಚಿಕೊಂಡರೆ ಅದು ಪರಿಸರಪ್ರಜ್ಞೆ. ಹಳ್ಳಿಯ ಕೂಲಿಕಾರ್ತಿ ಇಲ್ಲದ ಸೀಟನ್ನು ಹಂಚಿಕೊಂಡರೆ ಅದು ಅಪರಾಧ, ಅಪಘಾತವಾದಾಗ ಮಾತ್ರ ಸುದ್ದಿ. ಒಂದೇ ಕ್ರಿಯೆಗೆ ಈ ಎರಡು ಹೆಸರುಗಳು ಹೇಗೆ ಬಂದವು? ಹಂಚಿಕೊಂಡ ಪ್ರಯಾಣಕ್ಕೆ ಒಂದು ಚರಿತ್ರೆಯಿದೆ. ಅದನ್ನು ನೋಡಿದರೆ ಈ ಪ್ರಶ್ನೆಗೆ ಉತ್ತರ ಸಿಗಬಹುದು.

ಬಂಡಿಯಿಂದ ಬಸ್ಸಿಗೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ನಾಡನ್ನು ಚರಿತ್ರೆಕಾರರು ರಾಯಚೂರು ದೋಆಬ್ ಎಂದು ಕರೆಯುತ್ತಾರೆ. ಬಹಮನಿಗಳು, ವಿಜಯನಗರದವರು, ಆದಿಲಶಾಹಿಗಳು ಈ ನೆಲಕ್ಕಾಗಿ ಹೋರಾಡಿದ್ದನ್ನು ಶಾಲೆಯ ಪುಸ್ತಕಗಳಲ್ಲಿ ಓದಿದ್ದೇವೆ. ಸೈನ್ಯಗಳು ಓಡಾಡಿದ ದಾರಿಗಳಲ್ಲೇ ಜನಸಾಮಾನ್ಯರೂ ಓಡಾಡಿದರು. ಸಂತೆಗೆ, ಜಾತ್ರೆಗೆ, ಉರುಸಿಗೆ, ಮದುವೆಗೆ ಒಂದು ಓಣಿಯವರು ಒಂದು ಬಂಡಿ ಕಟ್ಟಿಕೊಂಡು ಹೋಗುವುದು ವಾಡಿಕೆಯಾಗಿತ್ತು. ಒಬ್ಬರ ಬಂಡಿ, ಇನ್ನೊಬ್ಬರ ಎತ್ತು, ಮತ್ತೊಬ್ಬರ ಬುತ್ತಿ. ಮುದಗಲ್ಲಿನ ಮೊಹರಂಗೆ ಹೋಗುವಾಗ ಬಂಡಿಯಲ್ಲಿ ಹಿಂದೂಗಳೆಷ್ಟು, ಮುಸ್ಲಿಮರೆಷ್ಟು ಎಂದು ಲೆಕ್ಕ ಹಾಕುವವರಿರಲಿಲ್ಲ. ಅಲಾಯಿ ದೇವರು ಇಬ್ಬರಿಗೂ ಸೇರಿದ್ದವು.

1871ರಲ್ಲಿ ಬೊಂಬಾಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದ್ರಾಸ್ ಕಡೆಯಿಂದ ಬಂದ ಮದ್ರಾಸ್ ರೈಲ್ವೆಯೂ ರಾಯಚೂರಿನಲ್ಲಿ ಕೂಡಿದವು. ಅಂದಿನಿಂದ ರಾಯಚೂರು ಸುತ್ತಲಿನ ಊರುಗಳಿಗೆಲ್ಲ ಹೆಬ್ಬಾಗಿಲಾಯಿತು. ನಿಲ್ದಾಣದ ಮುಂದೆ ಟಾಂಗಾಗಳು ನಿಂತವು. ಪೂರ್ತಿ ಟಾಂಗಾ ಹಿಡಿಯುವಷ್ಟು ಹಣ ಎಲ್ಲರಲ್ಲಿ ಇರಲಿಲ್ಲ. ಹೀಗಾಗಿ ನಾಲ್ಕು ಜನ ಕೂಡಿ ಬಾಡಿಗೆ ಹಂಚಿಕೊಳ್ಳುವ ಪದ್ಧತಿ ಸಹಜವಾಗಿಯೇ ಬೆಳೆಯಿತು. ಈ ಭಾಗದ ಮಾತಿನಲ್ಲಿ ಇಂದಿಗೂ ಉಳಿದಿರುವ ಸವಾರಿ, ಕಿರಾಯಿ, ಅಡ್ಡಾ ಎಂಬ ಪದಗಳು ಉರ್ದುವಿನ ಮೂಲಕ ಬಂದವು. ಟಾಂಗಾ ಹೊಡೆಯುವವನ ಬಾಯಲ್ಲಿ ಸವಾರಿ ಎಂದರೆ ಪ್ರಯಾಣವೂ ಹೌದು, ಪ್ರಯಾಣಿಕನೂ ಹೌದು. ಎರಡು ಸವಾರಿ ಸಿಕ್ಕಿತು, ಇನ್ನೆರಡು ಬೇಕು ಎಂದು ಆತ ಕಾಯುತ್ತಿದ್ದ. ಇಂದಿನ ಟಂಟಂ ಚಾಲಕನೂ ಹಾಗೆಯೇ ಕಾಯುತ್ತಾನೆ.

ಮೋಟಾರು ಬಂದಾಗ ಹೈದರಾಬಾದ್ ಸಂಸ್ಥಾನ ಒಂದು ದೂರದೃಷ್ಟಿಯ ಕೆಲಸ ಮಾಡಿತು. 1932ರ ಜೂನ್ ತಿಂಗಳಲ್ಲಿ ನಿಜಾಮ್ ಸರ್ಕಾರದ ರೈಲ್ವೆಯ ಅಡಿಯಲ್ಲಿಯೇ ರಸ್ತೆ ಸಾರಿಗೆ ವಿಭಾಗ ಆರಂಭವಾಯಿತು. ಆಗ ಅದರಲ್ಲಿದ್ದುದು 27 ಬಸ್ಸುಗಳು, 166 ನೌಕರರು. ರೈಲು ಮತ್ತು ಬಸ್ಸು ಪರಸ್ಪರ ಪೈಪೋಟಿ ನಡೆಸದೆ ಒಂದಕ್ಕೊಂದು ಪೂರಕವಾಗಿ ಓಡಬೇಕು, ಸಾರಿಗೆ ಸರ್ಕಾರದ ಹೊಣೆಯಾಗಿರಬೇಕು ಎಂಬುದು ಅದರ ಹಿಂದಿದ್ದ ಆಲೋಚನೆ. ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ಸಾರಿಗೆ ಇಲಾಖೆ ಬಸ್ಸು ಓಡಿಸಿದ್ದು 1948ರ ಸೆಪ್ಟೆಂಬರ್‌ನಲ್ಲಿ, 120 ಬಸ್ಸುಗಳೊಂದಿಗೆ. ಈ ಒಂದು ವಿಷಯದಲ್ಲಿ ಹಿಂದುಳಿದ ನಾಡು ಎನಿಸಿಕೊಂಡ ನಮ್ಮದೇ 16 ವರ್ಷ ಮುಂದಿತ್ತು.

1956ರಲ್ಲಿ ರಾಯಚೂರು, ಗುಲ್ಬರ್ಗಾ, ಬೀದರ್ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. 1961ರಲ್ಲಿ ರಾಜ್ಯ ರಸ್ತೆ ಸಾರಿಗೆ ನಿಗಮ ಸ್ಥಾಪನೆಯಾಯಿತು. 2000ದಲ್ಲಿ ಅದರಿಂದ ಬೇರೆಯಾದ ಈಶಾನ್ಯ ಸಾರಿಗೆ ಸಂಸ್ಥೆಗೆ ಈಗ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಎಂಬ ಹೆಸರಿದೆ. ಹೆಸರುಗಳು ಬದಲಾದವು, ಬಸ್ಸುಗಳೂ ಹೆಚ್ಚಿದವು. ಆದರೆ ಊರುಗಳು ಬೆಳೆದ ವೇಗದಲ್ಲಿ ಬಸ್ಸುಗಳು ಬೆಳೆಯಲಿಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಸಲ್ಲಿಸಿದ ವರದಿಯಲ್ಲಿ ದೇವದುರ್ಗ ಮತ್ತು ಮಾನ್ವಿ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿದ್ದವು. ಸರ್ಕಾರದ ಬಸ್ಸು ತಲುಪದ ಜಾಗವನ್ನು ಮೊದಲು ಜೀಪುಗಳು, ಆಮೇಲೆ ಟ್ರ್ಯಾಕ್ಸ್, ಕ್ರೂಸರ್ ಮತ್ತು ಟಂಟಂಗಳು ತುಂಬಿದವು. ಇವುಗಳನ್ನು ಯಾವ ಯೋಜನಾ ಆಯೋಗವೂ ಯೋಜಿಸಿರಲಿಲ್ಲ. ಜನರ ಅಗತ್ಯವೇ ಅವುಗಳನ್ನು ರಸ್ತೆಗೆ ತಂದಿತು.

ಪಕ್ಕದಲ್ಲಿ ಕೂರುವ ಹಕ್ಕು

ಬಂಡಿಯ ಕಾಲವನ್ನು ಸೌಹಾರ್ದದ ಕಾಲವೆಂದು ಬಣ್ಣಿಸಿ ನಿಲ್ಲಿಸಿದರೆ ಅರ್ಧ ಚರಿತ್ರೆಯಷ್ಟೇ ಹೇಳಿದಂತಾಗುತ್ತದೆ. ಬಂಡಿಯಲ್ಲಿ ಎಲ್ಲರಿಗೂ ಜಾಗವಿರಲಿಲ್ಲ. 1901ರಲ್ಲಿ ಬಾಲಕ ಭೀಮರಾವ್ ಅಂಬೇಡ್ಕರ್ ತನ್ನ ಅಣ್ಣ ಮತ್ತು ಇತರ ಮಕ್ಕಳೊಂದಿಗೆ ತಂದೆಯಿದ್ದ ಊರಿಗೆ ಹೋಗಲು ಸಾತಾರಾ ಭಾಗದ ಮಸೂರು ರೈಲು ನಿಲ್ದಾಣದಲ್ಲಿ ಇಳಿದರು. ಮಕ್ಕಳು ಮಹಾರ್ ಜಾತಿಯವರೆಂದು ತಿಳಿದ ಮೇಲೆ ಯಾವ ಬಂಡಿಯವನೂ ಅವರನ್ನು ಕೂರಿಸಿಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆಗೆ ಒಬ್ಬ ಒಪ್ಪಿದ. ಆದರೆ ಬಂಡಿಯನ್ನು ಮಕ್ಕಳೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಎಂಬ ಷರತ್ತು ಹಾಕಿದ. 1929ರಲ್ಲಿ ಅದೇ ಅಂಬೇಡ್ಕರ್, ವಿದೇಶದಲ್ಲಿ ಓದಿದ ಬ್ಯಾರಿಸ್ಟರ್, ಸರ್ಕಾರಿ ಸಮಿತಿಯ ಸದಸ್ಯರಾಗಿದ್ದಾಗ ಚಾಳೀಸಗಾಂವ್‌ನಲ್ಲಿ ಟಾಂಗಾವಾಲಾಗಳು ಅವರಿಗಾಗಿ ಟಾಂಗಾ ಹೊಡೆಯಲು ನಿರಾಕರಿಸಿದರು. ಅಭ್ಯಾಸವಿಲ್ಲದ ದಲಿತ ಬಂಧುವೊಬ್ಬ ಟಾಂಗಾ ಹೊಡೆದ. ದಾರಿಯಲ್ಲಿ ಅಂಬೇಡ್ಕರ್ ಕೆಳಗೆಸೆಯಲ್ಪಟ್ಟು ಕಾಲು ಮುರಿದುಕೊಂಡರು. ಈ ಎರಡೂ ಘಟನೆಗಳನ್ನು ಅವರೇ ಬರೆದಿಟ್ಟಿದ್ದಾರೆ.

ಇದನ್ನು ನೆನಪಿಟ್ಟುಕೊಂಡು ಇಂದಿನ ಕ್ರೂಸರಿನ ಒಳಗೆ ನೋಡಬೇಕು. ಸಿರವಾರದಲ್ಲಿ ಗಾಡಿ ಹತ್ತುವವನನ್ನು ಚಾಲಕ ಕೇಳುವುದು ಎಲ್ಲಿ ಇಳಿಯುತ್ತೀರಿ ಎಂದು, ಯಾವ ಕುಲ ಎಂದಲ್ಲ. ಬುರ್ಖಾ ತೊಟ್ಟ ವಿದ್ಯಾರ್ಥಿನಿ, ಹೆಗಲ ಮೇಲೆ ಟವೆಲ್ ಹಾಕಿದ ಗೌಡರು, ತಲೆಗೆ ಬಟ್ಟೆ ಸುತ್ತಿಕೊಂಡ ಕೂಲಿಕಾರ್ತಿ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂರುತ್ತಾರೆ. ಒಬ್ಬರ ಮಗು ಇನ್ನೊಬ್ಬರ ತೊಡೆಯ ಮೇಲೆ ನಿದ್ದೆ ಹೋಗುತ್ತದೆ. ಗಾಡಿಯಿಂದ ಇಳಿದ ಮೇಲೆ ಅವರವರ ಕೇರಿ ಅವರವರಿಗೆ ಎಂಬುದೂ ನಿಜ. ಆದರೂ ಸಾವಿರಾರು ಭಾಷಣಗಳಿಂದ ಆಗದ ಸಹಾಸನ ಈ ಹಳೆಯ ಗಾಡಿಗಳಲ್ಲಿ ದಿನವೂ ನಡೆಯುತ್ತಿದೆ. ಬಸ್ಸು, ರೈಲು ಮತ್ತು ಹಂಚಿಕೊಂಡ ಗಾಡಿ ಕೂಡಿ ಮಾಡಿದ ಈ ಸಾಮಾಜಿಕ ಬದಲಾವಣೆಯನ್ನು ನಾವು ಸಾಕಷ್ಟು ಗುರುತಿಸಿಲ್ಲ.

ಪಕ್ಕದಲ್ಲಿ ಕೂರುವ ಹಕ್ಕಿಗಾಗಿ ಹಂಚಿಕೊಂಡ ಕಾರುಗಳೇ ಹೋರಾಟದ ಆಯುಧವಾದ ಉದಾಹರಣೆ ಅಮೆರಿಕದಲ್ಲಿದೆ. 1955ರ ಡಿಸೆಂಬರ್ 1ರಂದು ಅಲಬಾಮಾ ರಾಜ್ಯದ ಮಾಂಟ್ಗೊಮೆರಿ ನಗರದಲ್ಲಿ ರೋಸಾ ಪಾರ್ಕ್ಸ್ ಎಂಬ ಕರಿಯ ಮಹಿಳೆ ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡಲಿಲ್ಲವೆಂದು ಬಂಧನಕ್ಕೊಳಗಾದರು. ಕರಿಯ ಸಮುದಾಯ ಬಸ್ಸನ್ನೇ ಬಹಿಷ್ಕರಿಸಿತು. ಬಹಿಷ್ಕಾರ ಹಾಕುವುದು ಸುಲಭ. ಆದರೆ ಸಾವಿರಾರು ಜನ ಮರುದಿನ ಕೆಲಸಕ್ಕೆ ಹೋಗುವುದು ಹೇಗೆ? ಮೊದಲು ಟ್ಯಾಕ್ಸಿಯವರು ಬಸ್ಸಿನ ದರಕ್ಕೇ, ಅಂದರೆ 10 ಸೆಂಟಿಗೇ ಕರೆದೊಯ್ದರು. ಟ್ಯಾಕ್ಸಿಯ ಕನಿಷ್ಠ ದರ 45 ಸೆಂಟು ಎಂಬ ನಿಯಮವನ್ನು ಮುಂದೆ ಮಾಡಿ ಆಡಳಿತ ಅದನ್ನು ತಡೆಯಿತು. ಆಗ ಸುಮಾರು 300 ಕಾರುಗಳ ಒಕ್ಕೂಟವೊಂದು ಸಿದ್ಧವಾಯಿತು. ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು, ಯಾವ ಹೊತ್ತಿಗೆ ಎಂಬುದೆಲ್ಲ ಗೊತ್ತುಮಾಡಲ್ಪಟ್ಟಿತು. ಚರ್ಚುಗಳು ದೊಡ್ಡ ಗಾಡಿಗಳನ್ನು ಕೊಂಡು ಕೊಟ್ಟವು.

ಆಡಳಿತ ಸುಮ್ಮನಿರಲಿಲ್ಲ. ಚಾಲಕರಿಗೆ ಸಣ್ಣಪುಟ್ಟ ಕಾರಣಕ್ಕೆ ದಂಡ ಹಾಕಿತು. 1956ರ ಜನವರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಗಂಟೆಗೆ 25 ಮೈಲಿ ಮಿತಿಯಿದ್ದಲ್ಲಿ 30 ಮೈಲಿ ವೇಗದಲ್ಲಿ ಹೋದರೆಂದು ಬಂಧಿಸಿತು. ಸ್ಥಳೀಯ ವಿಮೆ ರದ್ದಾದಾಗ ಲಂಡನ್ನಿನ ಲಾಯ್ಡ್ಸ್‌ನಿಂದ ವಿಮೆ ತರಬೇಕಾಯಿತು. ಕೊನೆಗೆ ನಗರಾಡಳಿತ ಕಾರು ಒಕ್ಕೂಟವೇ ಅಕ್ರಮ ಎಂದು ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ಪಡೆಯಿತು. ಅದೇ ದಿನ, 1956ರ ನವೆಂಬರ್ 13ರಂದು, ಬಸ್ಸಿನಲ್ಲಿ ವರ್ಣಭೇದ ಸಂವಿಧಾನಬಾಹಿರವೆಂಬ ತೀರ್ಪನ್ನು ಅಮೆರಿಕದ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. 381 ದಿನಗಳ ಕಾಲ ಜನ ನಡೆದರು, ಹಂಚಿಕೊಂಡು ಪ್ರಯಾಣಿಸಿದರು, ಗೆದ್ದರು. ಪರವಾನಗಿ, ದರ, ವಿಮೆ ಎಂಬ ನಿರುಪದ್ರವಿ ಪದಗಳು ಅಧಿಕಾರದ ಕೈಯಲ್ಲಿ ಏನಾಗಬಲ್ಲವು ಎಂಬುದನ್ನೂ ಈ ಘಟನೆ ತೋರಿಸಿತು.

ಸರ್ಕಾರಕ್ಕೆ ಬೇಕಾದಾಗ ದೇಶಭಕ್ತಿ, ಬೇಡವಾದಾಗ ಅಕ್ರಮ

ಸೀಟು ಲೆಕ್ಕದ ಬಾಡಿಗೆಗೂ ಕಾನೂನಿಗೂ ನಡೆದ ಜಗಳ ಇದಕ್ಕಿಂತ ಹಳೆಯದು. 1914ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಾರುಳ್ಳವರು ಐದು ಸೆಂಟಿಗೆ ಜನರನ್ನು ಹತ್ತಿಸಿಕೊಳ್ಳತೊಡಗಿದರು. ಜಿಟ್ನಿ ಎಂದು ಕರೆಯಲಾದ ಇವು ಮರುವರ್ಷದ ಹೊತ್ತಿಗೆ ಅಮೆರಿಕದಾದ್ಯಂತ ಸಾವಿರಾರು ಸಂಖ್ಯೆಯಲ್ಲಿ ಹಬ್ಬಿದವು. ಟ್ರಾಂ ಕಂಪನಿಗಳ ಆದಾಯಕ್ಕೆ ಪೆಟ್ಟು ಬಿದ್ದಾಗ ಪುರಸಭೆಗಳು ಒಂದರ ಮೇಲೊಂದು ನಿಯಮ ತಂದು ಕೆಲವೇ ವರ್ಷಗಳಲ್ಲಿ ಅವುಗಳನ್ನು ಇಲ್ಲವಾಗಿಸಿದವು. ಅದೇ ಅಮೆರಿಕದ ಸರ್ಕಾರ 1943ರಲ್ಲಿ ಒಂದು ಭಿತ್ತಿಚಿತ್ರ ಅಚ್ಚು ಹಾಕಿಸಿತು. ಕಾರಿನಲ್ಲಿ ಒಂಟಿಯಾಗಿ ಹೋಗುವವನ ಪಕ್ಕದಲ್ಲಿ ಹಿಟ್ಲರ್ ಕುಳಿತಿರುವ ಚಿತ್ರ ಅದು. ಯುದ್ಧಕ್ಕೆ ರಬ್ಬರು, ಪೆಟ್ರೋಲು ಬೇಕಾಗಿದ್ದುದರಿಂದ ಕಾರು ಹಂಚಿಕೊಳ್ಳುವುದು ದೇಶಭಕ್ತಿಯಾಯಿತು. 1973ರಲ್ಲಿ ಅರಬ್ ರಾಷ್ಟ್ರಗಳು ತೈಲ ಸರಬರಾಜು ನಿಲ್ಲಿಸಿದಾಗ ಅದು ಮತ್ತೆ ಸದ್ಗುಣವಾಯಿತು.

ನಮ್ಮಲ್ಲಿ ಈ ದ್ವಂದ್ವ ಬೇರೆ ರೂಪದಲ್ಲಿದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಚಾಲಕನನ್ನು ಬಿಟ್ಟು ಆರಕ್ಕಿಂತ ಹೆಚ್ಚು ಜನರನ್ನು, ತಲಾ ಬೇರೆ ಬೇರೆ ದರ ಪಡೆದು, ಅಲ್ಲಲ್ಲಿ ಹತ್ತಿಸಿ ಇಳಿಸಿ ಒಯ್ಯುವ ವಾಹನ ಮಜಲು ವಾಹನ. ನಮ್ಮ ಬಸ್ಸುಗಳು ಈ ವರ್ಗದವು. ಇಡೀ ವಾಹನವನ್ನು ಒಂದು ಒಪ್ಪಂದದ ಮೇಲೆ ಬಾಡಿಗೆಗೆ ಕೊಟ್ಟರೆ ಅದು ಒಪ್ಪಂದದ ವಾಹನ. ಹನ್ನೆರಡು ಜನರವರೆಗಿನ ಮ್ಯಾಕ್ಸಿ ಕ್ಯಾಬ್ ಈ ಎರಡನೆಯ ವರ್ಗಕ್ಕೆ ಸೇರುತ್ತದೆ. ಅಂದರೆ ಹನ್ನೆರಡು ಮಂದಿ ಶಿಕ್ಷಕರು ಕೂಡಿ ಹಳದಿ ಫಲಕದ ಒಂದು ಗಾಡಿಯನ್ನು ತಿಂಗಳ ಬಾಡಿಗೆಗೆ ಗೊತ್ತು ಮಾಡಿಕೊಂಡರೆ ಸಕ್ರಮ. ಅದೇ ಗಾಡಿ ಕವಿತಾಳದಲ್ಲಿ ನಿಂತು ಒಬ್ಬೊಬ್ಬರಿಂದ ದುಡ್ಡು ಪಡೆದು ಹತ್ತಿಸಿಕೊಂಡರೆ ಅಕ್ರಮ. ತಿಂಗಳ ಸಂಬಳದವನಿಗೆ ಮೊದಲನೆಯದು ಸಾಧ್ಯ. ಇಂದು ಕೂಲಿ ಸಿಕ್ಕರೆ ಸಿಕ್ಕಿತು ಎನ್ನುವವಳು ಯಾರೊಡನೆ ತಿಂಗಳ ಒಪ್ಪಂದ ಮಾಡಿಕೊಳ್ಳಬೇಕು?

ಈ ಕಾನೂನಿನ ಹಿಂದೆ ಒಂದು ಒಳ್ಳೆಯ ಉದ್ದೇಶವಿತ್ತೆಂಬುದನ್ನು ಮರೆಯಬಾರದು. ಲಾಭದ ಮಾರ್ಗಗಳನ್ನು ಖಾಸಗಿಯವರು ಬಾಚಿಕೊಂಡರೆ ನಷ್ಟದ ಹಳ್ಳಿ ಮಾರ್ಗಗಳಿಗೆ ಬಸ್ಸು ಓಡಿಸುವವರು ಯಾರು ಎಂಬ ಪ್ರಶ್ನೆ ನ್ಯಾಯವಾದದ್ದು. 1976ರಲ್ಲಿ ಕರ್ನಾಟಕ ಸರ್ಕಾರ ಖಾಸಗಿ ಒಪ್ಪಂದದ ವಾಹನಗಳನ್ನೇ ಸ್ವಾಧೀನಪಡಿಸಿಕೊಳ್ಳುವ ಕಾನೂನು ತಂದಿತು. ಮರುವರ್ಷ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 2003ರಲ್ಲಿ ರಾಜ್ಯ ಸರ್ಕಾರವೇ ಆ ಕಾನೂನನ್ನು ಕೈಬಿಟ್ಟಿತು. ಸಾರ್ವಜನಿಕ ಸಾರಿಗೆಯನ್ನು ಕಾಪಾಡಬೇಕೆಂಬ ಆಶಯಕ್ಕೂ ಸಾರಿಗೆಯೇ ತಲುಪದ ಊರಿನವನ ಕಷ್ಟಕ್ಕೂ ನಡುವೆ ಒಂದು ದಾರಿ ಹುಡುಕುವ ಕೆಲಸ ಮಾತ್ರ ಆಗಲಿಲ್ಲ.

ನಗರದ ವಿಷಯಕ್ಕೆ ಬಂದಾಗ ಚರ್ಚೆ ಬೇಗ ಶುರುವಾಗುತ್ತದೆ. 2017ರಲ್ಲಿ ಬೆಂಗಳೂರಿನಲ್ಲಿ ಓಲಾ, ಊಬರ್ ಕಂಪನಿಗಳ ಹಂಚಿಕೆ ಸೇವೆಗೆ ಸಾರಿಗೆ ಇಲಾಖೆ ಇದೇ ಒಪ್ಪಂದದ ವಾಹನದ ನಿಯಮ ಹೇಳಿ ಆಕ್ಷೇಪಿಸಿತು. 2020ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ, ರಾಜ್ಯಗಳು ನಿಷೇಧಿಸದಿದ್ದರೆ ಆ್ಯಪ್ ಮೂಲಕ ಖಾಸಗಿ ಕಾರುಗಳಲ್ಲೂ ಪ್ರಯಾಣ ಹಂಚಿಕೊಳ್ಳಲು ಅವಕಾಶ ನೀಡಿತು. ಆದರೆ ಅದರಲ್ಲಿದ್ದ ಮಿತಿ ಏನು? ನಗರದೊಳಗೆ ದಿನಕ್ಕೆ ನಾಲ್ಕು, ಊರಿಂದೂರಿಗೆ ವಾರಕ್ಕೆ ಎರಡು. ರಾಯಚೂರಿನಿಂದ ಕವಿತಾಳಕ್ಕೆ ವಾರದಲ್ಲಿ ಆರು ದಿನ ಹೋಗಿ ಬರುವ ಶಿಕ್ಷಕರ ಲೆಕ್ಕ ಹನ್ನೆರಡಾಗುತ್ತದೆ. ಮಾರ್ಗಸೂಚಿ ಬರೆದವರ ಕಣ್ಣ ಮುಂದೆ ಅಂತಹ ಶಿಕ್ಷಕರು ಇರಲಿಲ್ಲ ಎಂಬುದು ಇದರಿಂದಲೇ ಗೊತ್ತಾಗುತ್ತದೆ. 2023ರಲ್ಲಿ ಬೆಂಗಳೂರಿನಲ್ಲಿ ಕಾರ್ ಪೂಲಿಂಗ್ ನಿಷೇಧವಾಯಿತೆಂಬ ಸುದ್ದಿ ದೊಡ್ಡ ಗದ್ದಲವೆಬ್ಬಿಸಿ, ಸಾರಿಗೆ ಸಚಿವರೇ ಸ್ಪಷ್ಟನೆ ನೀಡಬೇಕಾಯಿತು. ಟಂಟಂಗಳ ಮೇಲೆ ದಾಳಿ ನಡೆದಾಗ ಅಂತಹ ಗದ್ದಲ ಯಾರೂ ಎಬ್ಬಿಸುವುದಿಲ್ಲ.

ಪರಿಹಾರವನ್ನೂ ಹಂಚಿಕೊಂಡವರು

ಅಕ್ರಮ ಎಂಬ ಪಟ್ಟದ ನಿಜವಾದ ಬೆಲೆ ತಿಳಿಯುವುದು ಅಪಘಾತವಾದಾಗ. 2022ರ ಆಗಸ್ಟ್ 25ರ ನಸುಕಿನಲ್ಲಿ ತುಮಕೂರು ಜಿಲ್ಲೆಯ ಶಿರಾ ಬಳಿ ಕ್ರೂಸರೊಂದು ಲಾರಿಗೆ ಡಿಕ್ಕಿ ಹೊಡೆದು 9 ಮಂದಿ ಸತ್ತರು. ಕೂಲಿ ಹುಡುಕಿಕೊಂಡು ರಾಯಚೂರು ಜಿಲ್ಲೆಯಿಂದ ಬೆಂಗಳೂರಿಗೆ ಹೊರಟಿದ್ದ ಕುಟುಂಬಗಳವು. ಹನ್ನೆರಡು, ಹದಿಮೂರು ಮಂದಿ ಕೂರಬೇಕಾದ ಗಾಡಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರಿದ್ದರು. ಎರಡು ದಿನ ಸುದ್ದಿಯಾಯಿತು. ಚಾಲಕನ ಅತಿವೇಗ, ಅತಿಯಾದ ಜನ ಎಂಬ ಷರಾ ಬಿತ್ತು. ಅಷ್ಟು ಜನ ಆ ಗಾಡಿಯನ್ನು ಏಕೆ ಹತ್ತಿದರು ಎಂಬ ಪ್ರಶ್ನೆ ಅಷ್ಟಕ್ಕೇ ನಿಂತಿತು.

ಕಾನೂನು ಇಂತಹವರ ಬಗ್ಗೆ ಏನು ಹೇಳುತ್ತದೆ ಎಂಬುದನ್ನು ಪ್ರತಿಯೊಬ್ಬ ಓದುಗರೂ ತಿಳಿದಿರಬೇಕು. 2002ರಲ್ಲಿ ನ್ಯೂ ಇಂಡಿಯಾ ಅಶೂರೆನ್ಸ್ ಮತ್ತು ಆಶಾರಾಣಿ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸರಕು ಸಾಗಣೆ ವಾಹನದಲ್ಲಿ ಸುಮ್ಮನೆ ಹತ್ತಿ ಹೋಗುವ ಪ್ರಯಾಣಿಕರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದಲ್ಲ ಎಂದು ಹೇಳಿತು. ಹತ್ತಿ ಬಿಡಿಸಲು ಸರಕು ಆಟೋದಲ್ಲಿ ನಿಂತು ಹೋಗುವ ಹೆಣ್ಣುಮಗಳ ಸ್ಥಿತಿ ಇದರಿಂದ ಅರ್ಥವಾಗುತ್ತದೆ. 2007ರ ನ್ಯಾಷನಲ್ ಇನ್ಶೂರೆನ್ಸ್ ಮತ್ತು ಅಂಜನಾ ಶ್ಯಾಮ್ ಪ್ರಕರಣದಲ್ಲಿ 42 ಜನರ ಬಸ್ಸಿನಲ್ಲಿ 90 ಜನರಿದ್ದರು. ವಿಮಾ ಕಂಪನಿಯ ಹೊಣೆ 42 ಮಂದಿಗೆ ಮಾತ್ರ. ಅತಿ ಹೆಚ್ಚಿನ 42 ಪರಿಹಾರಗಳ ಮೊತ್ತವನ್ನು ಅದು ಕಟ್ಟಬೇಕು, ಆ ಮೊತ್ತವನ್ನು ಎಲ್ಲ ಸಂತ್ರಸ್ತರಿಗೂ ಪ್ರಮಾಣಾನುಸಾರ ಹಂಚಬೇಕು ಎಂದು ನ್ಯಾಯಾಲಯ ಹೇಳಿತು. ಉಳಿದುದನ್ನು ವಾಹನದ ಮಾಲೀಕನಿಂದ ವಸೂಲು ಮಾಡಿಕೊಳ್ಳಬೇಕು. ಸಾಲ ಮಾಡಿ ಗಾಡಿ ಕೊಂಡವನಿಂದ ಏನು ವಸೂಲಾದೀತು? ಸೀಟು ಹಂಚಿಕೊಂಡವರು ಸತ್ತ ಮೇಲೆ ಪರಿಹಾರವನ್ನೂ ಹಂಚಿಕೊಳ್ಳಬೇಕಾಯಿತು.

ದಾರಿ ಇಲ್ಲವೇ?

ತುರ್ಕಿಯಲ್ಲಿ ಹಂಚಿಕೆಯ ಟ್ಯಾಕ್ಸಿಗೆ ದೋಲ್ಮುಶ್ ಎನ್ನುತ್ತಾರೆ. ತುಂಬಿದೆ ಎಂದು ಆ ಪದದ ಅರ್ಥ. ನಮ್ಮ ಟಂಟಂನಂತೆಯೇ ಅದೂ ತುಂಬಿದ ಮೇಲೆ ಹೊರಡುವ ಗಾಡಿಯಾಗಿ ಹುಟ್ಟಿತು. ಕ್ರಮೇಣ ನಗರ ಸಾರಿಗೆಯ ಮಾನ್ಯತೆ ಪಡೆದ ಭಾಗವಾಯಿತು. ಕೆನ್ಯಾ ದೇಶದ ಮಟಾಟು ಎಂಬ ಗಾಡಿಗಳಿಗೆ 1973ರಲ್ಲಿ ಅಧ್ಯಕ್ಷ ಜೋಮೊ ಕೆನ್ಯಾಟ್ಟಾ ಮಾನ್ಯತೆ ನೀಡಿದರು. ನಿಯಮಗಳಿಲ್ಲದೆ ಬೆಳೆದ ಅವು ಭೀಕರ ಅಪಘಾತಗಳಿಗೆ ಕುಖ್ಯಾತವಾದವು. 2004ರಲ್ಲಿ ಅಲ್ಲಿನ ಸರ್ಕಾರ ಅವುಗಳನ್ನು ನಿಷೇಧಿಸಲಿಲ್ಲ. ಸಣ್ಣ ಗಾಡಿಗೆ 14 ಜನರ ಮಿತಿ, ಪ್ರತಿ ಸೀಟಿಗೂ ಬೆಲ್ಟು, ಗಂಟೆಗೆ 80 ಕಿಲೋಮೀಟರಿಗೆ ವೇಗ ನಿಯಂತ್ರಕ ಕಡ್ಡಾಯ ಮಾಡಿತು. ಆರಂಭದಲ್ಲಿ ಅಪಘಾತಗಳು ತಗ್ಗಿದವು. ಜಾರಿ ಸಡಿಲವಾದಂತೆ ಹಳೆಯ ಚಾಳಿ ಮರಳಿತು ಎಂಬುದೂ ಪಾಠವೇ. ಮಾನ್ಯತೆ ಮಾತ್ರ ಕೊಟ್ಟರೆ ಸಾಲದು, ನಿಯಮ ಮಾತ್ರ ಬರೆದರೂ ಸಾಲದು.

ನಮ್ಮಲ್ಲಿ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ನೀಡಿತು. ಕೈಯಲ್ಲಿ ಕಾಸಿಲ್ಲದ ಹೆಣ್ಣುಮಗಳಿಗೂ ಊರಾಚೆಯ ಆಸ್ಪತ್ರೆ, ಕಾಲೇಜು ಹತ್ತಿರವಾದವು. ಆದರೆ ಟಿಕೆಟ್ಟು ಉಚಿತವಾದರೆ ಸಾಲದು. ಬೆಳಿಗ್ಗೆ ಆರಕ್ಕೆ ಹೊಲಕ್ಕೆ ಹೋಗುವವಳ ಊರಿಗೆ ಆರಕ್ಕೆ ಬಸ್ಸು ಬರಬೇಕು. ಬಾರದ ಕಡೆ, ಗೊತ್ತಾದ ಮಾರ್ಗಗಳಲ್ಲಿ ಸಣ್ಣ ವಾಹನಗಳಿಗೆ ಸೀಟು ಲೆಕ್ಕದ ಪರವಾನಗಿ ಕೊಡಬೇಕು. ದರ, ಸೀಟಿನ ಸಂಖ್ಯೆ, ಪ್ರಯಾಣಿಕರ ವಿಮೆ ಇವುಗಳನ್ನು ಗಾಡಿಯ ಮೇಲೆ ಬರೆಯಿಸಬೇಕು. ಕೂಲಿಕಾರರನ್ನು ಹೊಲಕ್ಕೆ ಕರೆಸುವ ಜಮೀನುದಾರರೂ ಅವರ ಪ್ರಯಾಣದ ಹೊಣೆಯಲ್ಲಿ ಪಾಲುದಾರರಾಗಬೇಕು. ಕಾರಿನಲ್ಲಿ ದಿನವೂ ಓಡಾಡುವ ನೌಕರರು ಪೆಟ್ರೋಲ್ ಖರ್ಚನ್ನು ಲಾಭವಿಲ್ಲದೆ ಹಂಚಿಕೊಂಡರೆ ಅದು ಬಾಡಿಗೆಯಲ್ಲ ಎಂದು ಕಾನೂನು ಸ್ಪಷ್ಟವಾಗಿ ಹೇಳಬೇಕು. ಇವು ಯಾವುವೂ ಅಸಾಧ್ಯ ಬೇಡಿಕೆಗಳಲ್ಲ. 27 ಬಸ್ಸುಗಳಿಂದ ಸಾರ್ವಜನಿಕ ಸಾರಿಗೆಯನ್ನು ಆರಂಭಿಸಿದ ನೆಲ ಇದು.

ಹಂಚಿಕೊಳ್ಳುವುದನ್ನು ನಮ್ಮ ಜನರಿಗೆ ಯಾರೂ ಕಲಿಸಬೇಕಾಗಿಲ್ಲ. ಬಂಡಿಯ ಕಾಲದಿಂದಲೂ ಅವರು ಅದನ್ನು ಮಾಡುತ್ತಲೇ ಬಂದಿದ್ದಾರೆ, ಬಂಡಿ ಹತ್ತಲು ಬಿಡದವರ ನಡುವೆ ಹೋರಾಡಿ ಪಕ್ಕದ ಸೀಟನ್ನು ಗಳಿಸಿಕೊಂಡಿದ್ದಾರೆ. ಅವರು ಕುಳಿತ ಸೀಟು ಲೆಕ್ಕಕ್ಕೆ ಬರಬೇಕು, ಅವರು ಹತ್ತಿದ ಗಾಡಿ ಸಂಜೆ ಅವರನ್ನು ಮನೆಗೆ ಮುಟ್ಟಿಸಬೇಕು. ಅಷ್ಟನ್ನು ಮಾಡಬೇಕಾದವರು ಕಾನೂನು ಮಾಡುವವರು, ಮತ್ತು ಅವರನ್ನು ಆರಿಸಿ ಕಳಿಸುವ ನಾವು.